ಹೋಮ್ ಪ್ಲೇಟ್ ಹೊರಟಿತು

ತಾಪತ್ರಯಕ್ಕೆಲ್ಲ ಮೂಲ ಬರೀ ತೊಂಬತ್ತು ಹೆಜ್ಜೆ.

ಎಲ್ಮ್‌ಡಾಲ್ ಊರಿನ ಬೇಸ್‌ಬಾಲ್ ತಂಡ ಹೋದ ವರ್ಷ ಹತ್ತೊಂಬತ್ತು ಆಟ ಆಡಿ ಹತ್ತೊಂಬತ್ತನ್ನೂ ಸೋತಿತ್ತು. ಮ್ಯಾನೇಜರ್ ಆರಿನ್ ಟ್ವೈಟ್, ದನದ ಮೇವಿನ ಅಂಗಡಿಯವನು, ಚಳಿಗಾಲವಿಡೀ ಊರವರ ಕಣ್ಣು ತಪ್ಪಿಸಿ ಓಡಾಡಿದ್ದ. ಏಪ್ರಿಲ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಡೆಲ್ಬರ್ಟ್ ಕುಜ್ಮಾ ಸಿಕ್ಕಿದ. ಎಡಗೈ ಪಿಚರ್. ಅವನು ಎಸೆದ ಚೆಂಡು ಕಣ್ಣಿಗೆ ಬೀಳುತ್ತಿರಲಿಲ್ಲ, ಕಿವಿಗೆ ಮಾತ್ರ ಕೇಳುತ್ತಿತ್ತು.

ಆದರೆ ಲೀಗಿಗೊಂದು ಕಾನೂನಿತ್ತು. ಆಟಗಾರನ ಮನೆ ಹೋಮ್ ಪ್ಲೇಟ್‌ನಿಂದ, ಅಂದರೆ ಬ್ಯಾಟು ಹಿಡಿದವನ ಪಕ್ಕ ನೆಲದಲ್ಲಿ ಹುಗಿದ ಬಿಳಿ ರಬ್ಬರ್ ಹಲಗೆಯಿಂದ, ಮೂವತ್ತು ಮೈಲಿಯೊಳಗಿರಬೇಕು. ಹೆಸರು ಕೊಡುವ ಕಡೇ ದಿನ ಬೆಳಿಗ್ಗೆ ಲೀಗಿನ ಸೆಕ್ರೆಟರಿ ಆರ್ವಿಡ್ ಫೋನು ಮಾಡಿದ. ಆಸಾಮಿ ನಿವೃತ್ತ ಸರ್ವೇಯರ್.

“ಡೆಲ್ಬರ್ಟ್ ಮನೆ ತೊಂಬತ್ತು ಹೆಜ್ಜೆ ಆಚೆ ಬೀಳುತ್ತೆ ಆರಿನ್. ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತೆ, ಸ್ವಲ್ಪ ಮುಂಚೆ ಬರ್ತೀನಿ. ಅಷ್ಟರೊಳಗೆ ಅವನ ಹೆಸರು ಹೊಡೆದುಹಾಕಿರು.”

ಒದೆಯುವ ಹಸುವಿನ ಕೆಳಗೆ ಕೂತವನ ಮುಖ ಮಾಡಿಕೊಂಡು ಆರಿನ್ ವರ್ನಾಳ ಕಾಫಿ ಅಂಗಡಿಗೆ ಹೋದ.

“ಅವನ ಮನೇನೇ ಟ್ರ್ಯಾಕ್ಟರಿಗೆ ಕಟ್ಟಿ ಎಳ್ಕೊಂಡು ಬನ್ರೋ,” ಎಂದಳು ವರ್ನಾ.

“ನೆಲಮಾಳಿಗೆ ಇದೆ ಕಣೇ ಅದಕ್ಕೆ!” ಎಂದ ಆರಿನ್.

ಮೂಲೆಯಲ್ಲಿ ಆ್ಯಪಲ್ ಪೈ ತಿನ್ನುತ್ತಿದ್ದ ಲೀಲಂಡ್, ಪಿಚರ್ ಎಸೆದದ್ದನ್ನು ಪ್ಲೇಟಿನ ಹಿಂದೆ ಕೂತು ಹಿಡಿಯುವ ಕ್ಯಾಚರ್, ನಿಧಾನವಾಗಿ ಬಾಯೊರೆಸಿಕೊಂಡ. “ಮನೆ ಬರದಿದ್ರೆ ಬಿಡಿ. ಪ್ಲೇಟೇ ಆ ಕಡೆ ಹೋಗ್ಲಿ.”

ಎಲ್ಲರೂ ಎದ್ದ ರಭಸಕ್ಕೆ ಕುರ್ಚಿಗಳು ಉರುಳಿದವು.

ಮೈದಾನವನ್ನೇ ತಿರುಗಿಸಿ ಹಾಕುವ ಕೆಲಸ ಶುರುವಾಯಿತು. ಟ್ರ್ಯಾಕ್ಟರು ಕೆಸರಲ್ಲಿ ಹೂತಿತು. ಅದನ್ನೆಳೆಯಲು ಬಂದ ಟ್ರ್ಯಾಕ್ಟರೂ ಹೂತಿತು. ಪ್ಲೇಟಿನ ಹಿಂದಿನ ತಂತಿ ಬಲೆ ಎಳೆಯುವಾಗ ಚರ್ಚಿನ ಬೇಲಿಯೂ ಜೊತೆಗೇ ಹೊರಟು ಬಂತು. ಪಿಚರ್ ನಿಲ್ಲುವ ದಿಬ್ಬಕ್ಕೆ ಮಣ್ಣು ಹೊತ್ತ ಗಾಡಿ ಬೆಳಿಗ್ಗೆಯಷ್ಟೇ ಗೊಬ್ಬರ ಹೊತ್ತಿತ್ತು. ಡೆಲ್ಬರ್ಟ್ ದಿಬ್ಬ ಹತ್ತಿ ಮೂಗೆಳೆದು, “ನಮ್ಮನೇಲೇ ನಿಂತ ಹಾಗಿದೆ,” ಎಂದ ಸಂತೋಷದಿಂದ.

ಎಲ್ಲರಿಗಿಂತ ಹೆಚ್ಚು ಅಗೆದವನು ಲೀಲಂಡ್. ಐದೂವರೆಗೆ ಹೋಮ್ ಪ್ಲೇಟು ಸರಿಯಾಗಿ ನೂರು ಹೆಜ್ಜೆ ಆಚೆ ಕೂತಿತ್ತು. ಅದರಾಚೆ ಬರೀ ಜೌಗು.

ಆರ್ವಿಡ್ ಬಂದ. ಉಪಕರಣ ಇಟ್ಟು ಅಳೆದ, ಮತ್ತೆ ಅಳೆದ. “ಡೆಲ್ಬರ್ಟ್ ಒಳಗೆ.”

ಚಪ್ಪಾಳೆ, ಶಿಳ್ಳೆ. ವರ್ನಾ ಆರಿನ್‌ನ ಕೆನ್ನೆಗೆ ಮುತ್ತಿಟ್ಟೇಬಿಟ್ಟಳು.

“ತಡೀರಿ, ಪ್ಲೇಟ್ ಸರಿದ್ರೆ ಎಲ್ಲರನ್ನೂ ಅಳೀಬೇಕು,” ಎಂದು ಆರ್ವಿಡ್ ಪಟ್ಟಿ ಬಿಡಿಸಿದ. “ಲೀಲಂಡ್, ನಿನ್ನ ತೋಟದ ಮನೆ ಡೆಲ್ಬರ್ಟ್ ಮನೆಗೆ ಉಲ್ಟಾ ದಿಕ್ಕಿಗಲ್ವಾ? ನೀನು ಅರವತ್ತು ಹೆಜ್ಜೆ ಹೊರಗೆ ಕಣಯ್ಯ.”

ಲೀಲಂಡ್‌ನ ಕೈಯಿಂದ ಗುದ್ದಲಿ ಜಾರಿತು.

“ನಡುವೆ ಎಲ್ಲಾದ್ರೂ ಇಡೋಣ,” ಎಂದ ಆರಿನ್ ಅಳುಬುರುಕ ದನಿಯಲ್ಲಿ.

ಆರ್ವಿಡ್ ಲೆಕ್ಕ ಹಾಕಿದ. “ನಡುವೆ ಇಟ್ರೆ ಇಬ್ರೂ ಹೊರಗೆ.”

ಆರು ಹೊಡೆಯಿತು. ಪಿಚರನ ಹೆಸರು ಉಳಿಯಿತು, ಕ್ಯಾಚರನದು ಹೋಯಿತು. ಡೆಲ್ಬರ್ಟನ ಚೆಂಡಿನ ಮುಂದೆ ಕುಕ್ಕರಗಾಲಲ್ಲಿ ಕೂರುವವರು ಯಾರು ಎಂದು ಆರಿನ್ ಕೇಳಿದ. ಇಡೀ ತಂಡ ಆಕಾಶದಲ್ಲಿ ಮೋಡ ನೋಡತೊಡಗಿತು. ಐವತ್ತೆಂಟರ ಆರಿನ್ ತಾನೇ ಗ್ಲೌಸ್ ತೊಟ್ಟು, ಮಂಡಿ ಲಟಲಟ ಅನ್ನಿಸುತ್ತ ಪ್ಲೇಟಿನ ಹಿಂದೆ ಕೂತ.

ಧಡ್! ಬೇಲಿಯ ಮೇಲಿದ್ದ ಕಾಗೆಗಳೆಲ್ಲ ಎದ್ದವು.

“ಹೇಗಿದೆಯೋ?” ಕೂಗಿದಳು ವರ್ನಾ.

ಆರಿನ್‌ನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಬೆಳಕಿತ್ತು.

“ಈ ವರ್ಷ ಗೆಲ್ತೀವಿ ಕಣೇ! ಖಂಡಿತ ಗೆಲ್ತೀವಿ! ಈಗ ಯಾರಾದ್ರೂ ಬಂದು ನನ್ನ ಎಬ್ಬಿಸ್ರಪ್ಪ.”