ಕಂಬಳಿ ಒಣಗಿಸಿದ ಬಸ್ಸು

ಆವತ್ತಿನ ಅವಾಂತರಕ್ಕೆಲ್ಲ ಮೂಲ ಒಂದು ಬ್ರೇಕು. ಅಡ್ಡ ಬಂದ ನಾಯಿಯನ್ನು ಉಳಿಸಲು ಡ್ರೈವರ್ ಕಾಲೂರಿ ಒತ್ತಿದ. ನಾಯಿ ಉಳಿಯಿತು. ಹಿಂದಿನ ಸೀಟಿನ ಅಜ್ಜಿಯ ಫ್ಲಾಸ್ಕು ಉಳಿಯಲಿಲ್ಲ. ಅದರಲ್ಲಿದ್ದ ಟೀಯೆಲ್ಲ ಆಕೆಯ ಮಡಿಲಲ್ಲಿದ್ದ ಹೊಸ ಉಣ್ಣೆಯ ಕಂಬಳಿಗೆ ಅಭಿಷೇಕವಾಯಿತು.

“ನಿನ್ನ ಮನೆ ಹಾಳಾಗ! ಮೊಮ್ಮಗಳಿಗೂ ಅವಳ ಹೆಂಡ್ತಿಗೂ ಅಂತ ಇಡೀ ಚಳಿಗಾಲ ಕೂತು ಹೆಣೆದಿದ್ದೆ ಕಣೋ!”

“ಬೊಬ್ಬೆ ಹಾಕ್ಬೇಡಿ ಅಜ್ಜಿ. ನೀರಲ್ಲಿ ಹಿಂಡಿ ಕಿಟಕಿಯಿಂದ ಹೊರಗೆ ಹಾಕಿ, ಗಾಳಿಗೆ ಒಣಗುತ್ತೆ. ನನಗೆ ಟೈಮಿಲ್ಲ.”

ಟೈಮಿಲ್ಲ ಎಂಬುದು ಅವನ ಹುಟ್ಟುಗುಣ. ಅದಕ್ಕೇ ಡಿಪೋದಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಸದಾ ಓಡುತ್ತಿದ್ದ, ಸದಾ ತಡವಾಗಿ ಮುಟ್ಟುತ್ತಿದ್ದ. ಡಿಪೋ ಮ್ಯಾನೇಜರು ಗೇಟಿನಲ್ಲಿ ಗಡಿಯಾರದ ಮುಳ್ಳಿನಂತೆ ನಿಂತು ಕಾಯುವ ಆಸಾಮಿ. ಎಲ್ಲರೂ ಹಿಂದಿನಿಂದ ಮುಳ್ಳು ಸಾಹೇಬ ಎನ್ನುತ್ತಿದ್ದರು. ಹಿಂದಿನ ದಿನವಷ್ಟೇ ಆತ ಗಡಿಬಿಡಿಯ ಮುಖಕ್ಕೇ ಹೇಳಿದ್ದ: “ನಾಳೆ ಮಧ್ಯಾಹ್ನದೊಳಗೆ ಬಸ್ಸು ಡಿಪೋದಲ್ಲಿರ್ಬೇಕು. ಇಲ್ಲಾಂದ್ರೆ ಕ್ವಾರಿ ರೂಟಿಗೆ ಹಾಕ್ತೀನಿ.”

ಕ್ವಾರಿ ರೂಟೆಂದರೆ ಊರಾಚೆಯ ಕಲ್ಲು ಗಣಿಯ ದಾರಿ. ರಸ್ತೆಯೆಂದು ಕರೆಯುವುದು ಹಳ್ಳಗಳಿಗೆ ಮಾಡುವ ಮರ್ಯಾದೆ. ಆ ರೂಟು ಓಡಿಸಿದವರು ಸಂಜೆ ಮನೆಗೆ ಹೋದರೆ ಹೆಂಡತಿ ಮೊದಲು ಧೂಳು ಕೊಡವಿ, ಇವನು ನಮ್ಮವನೇ ಹೌದೋ ಎಂದು ನೋಡಿ, ಆಮೇಲೆ ಒಳಗೆ ಬಿಡಬೇಕು. ಗಡಿಬಿಡಿಯ ಸೊಂಟ ಆಗಲೇ ಅರ್ಧ ರಾಜೀನಾಮೆ ಕೊಟ್ಟಿತ್ತು.

ಕಂಡಕ್ಟರಮ್ಮ ಕಂಬಳಿಯ ತುದಿಗಳನ್ನು ಕಿಟಕಿಯ ಸರಳಿಗೆ ಬಿಗಿದಳು. ಕೆಂಪಿನಿಂದ ನೇರಳೆಯವರೆಗೆ ಪಟ್ಟೆಪಟ್ಟೆಯಾಗಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಬಸ್ಸಿನ ಮಗ್ಗುಲಿಗೆ ಇಳಿಬಿದ್ದು ಪಟಪಟ ಹಾರತೊಡಗಿದವು.

ದೊಡ್ಡ ರಸ್ತೆಗೆ ತಿರುಗಿದ್ದೇ ತಡ, ಪೀಪಿ ಊದುತ್ತ ಒಬ್ಬಳು ಹುಡುಗಿ ಓಡಿಬಂದಳು. ಆವತ್ತು ಊರಿನ ಹೆಮ್ಮೆಯ ಮೆರವಣಿಗೆ. ಗಂಡನ್ನು ಮೆಚ್ಚಿದ ಗಂಡು, ಹೆಣ್ಣನ್ನು ಕಟ್ಟಿಕೊಂಡ ಹೆಣ್ಣು, ಗಂಡೆಂದು ಕರೆಸಿಕೊಂಡು ಬೆಳೆದು ಹೆಣ್ಣಾಗಿ ಬಾಳುವವರು, ಎರಡರ ಲೆಕ್ಕಕ್ಕೂ ಸಿಗದವರು, ಅವರ ಅಪ್ಪ ಅಮ್ಮ, ಪಕ್ಕದ ಮನೆಯವರು, ಇಡೀ ಊರೇ ಕಾಮನಬಿಲ್ಲಿನದೇ ಬಣ್ಣದ ಬಾವುಟ ಹಿಡಿದು ಬೀದಿಗಿಳಿದಿತ್ತು.

“ಅಂತೂ ಬಂದ್ರಲ್ಲ! ಬನ್ನಿ ಬನ್ನಿ, ಡೋಲಿನವರ ಹಿಂದೆ ನಿಮ್ಮ ಜಾಗ!”

“ಏ ತಾಯೀ, ಇದು ಸಿಟಿ ಬಸ್ಸು!”

“ಗೊತ್ತಣ್ಣ, ಸಖತ್ತಾಗಿದೆ! ನಿಜವಾದ ಬಸ್ಸಿನ ಹಾಗೇ ಇದೆ!”

ಹಿಂದೆ ಆಗಲೇ ಬ್ಯಾರಿಕೇಡು ಎಳೆದಾಗಿತ್ತು. ಮುಂದೆ ಡೋಲು, ಹಿಂದೆ ಲಾರಿಯ ಮೇಲೊಂದು ಬಟ್ಟೆಯ ಚಿಟ್ಟೆ, ನಡುವೆ ಬಸ್ಸು, ಬಸ್ಸಿನೊಳಗೆ ಬೆವರುವ ಗಡಿಬಿಡಿ.

ಸಿಟ್ಟಿಗೆ ಹಾರ್ನು ಒತ್ತಿದ. ಡೋಲಿನವರು ಅದೇ ತಾಳ ಹಿಡಿದರು. ಇನ್ನೂ ಜೋರಾಗಿ ಒತ್ತಿದ. ಜನ ಕುಣಿದರು.

“ಅಣ್ಣಾ, ಸ್ಟಾಪು ಬಂತು, ನಿಲ್ಸಿ,” ಎಂದಳು ಕಂಡಕ್ಟರಮ್ಮ.

“ಇಲ್ಲಿ ಯಾರು ಇಳೀತಾರೆ?”

“ಯಾರಾದ್ರೂ ಇಳೀಲಿ, ಬಿಡಲಿ. ತಡ ಆಗಿದ್ದೂ ಅಲ್ದೆ ಸ್ಟಾಪು ಬಿಟ್ರಿ ಅಂತ ಇನ್ನೊಂದು ದೂರು ಸೇರ್ಬೇಕಾ?”

ಅದೂ ನಿಜವೇ. ಗಡಿಬಿಡಿ ಇಂಡಿಕೇಟರು ಹಾಕಿ ಎಡಕ್ಕೆ ನಿಲ್ಲಿಸಿದ. ಹಿಂದಿದ್ದ ಇಡೀ ಮೆರವಣಿಗೆ ನಿಂತಿತು. ಬಾಗಿಲು ತೆರೆಯಿತು, ಯಾರೂ ಇಳಿಯಲಿಲ್ಲ, ಬಾಗಿಲು ಮುಚ್ಚಿತು. “ರೈಟ್!” ಎಂದಳು ಕಂಡಕ್ಟರಮ್ಮ. ಎರಡೂ ಕಡೆಯ ಮಹಡಿಗಳಿಂದ ಚಪ್ಪಾಳೆಯ ಮಳೆ. “ಏನು ಆ್ಯಕ್ಟಿಂಗು ಮಾರಾಯ!” ಎಂದು ಯಾರೋ ಕೂಗಿದರು.

ಮುಂದಿನ ಸ್ಟಾಪಿನಲ್ಲಿ ಜನ ನಿಜವಾಗಿಯೇ ಹತ್ತಿದರು. ಬೆಳ್ಳಿ ರೆಕ್ಕೆ ಕಟ್ಟಿಕೊಂಡವರು, ಮುಖಕ್ಕೆ ಮಿನುಗು ಬಳಿದವರು. ಕಂಡಕ್ಟರಮ್ಮ ಒಬ್ಬರನ್ನೂ ಬಿಡದೆ ಟಿಕೆಟು ಕೊಟ್ಟಳು. “ರೆಕ್ಕೆ ಮಡಚ್ಕೊಳ್ಳಿ, ಹಿಂದಿನೋರಿಗೆ ಕಣ್ಣಿಗೆ ಚುಚ್ಚುತ್ತೆ!” ದವಡೆ ಊದಿಸಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದವನೊಬ್ಬ, ಮೊದಲು ಶಾಪ ಹಾಕುತ್ತಿದ್ದವನು, ಈಗ ದವಡೆ ಹಿಡಿದುಕೊಂಡೇ ಕುಣಿಯುತ್ತಿದ್ದ. ಅಜ್ಜಿಗೆ ಗುಂಪಿನಲ್ಲಿ ಮೊಮ್ಮಗಳೂ ಅವಳ ಹೆಂಡತಿಯೂ ಕಂಡುಬಿಟ್ಟರು. ಇಬ್ಬರನ್ನೂ ರಟ್ಟೆ ಹಿಡಿದು ಒಳಗೆಳೆದು, “ನೋಡ್ರೇ, ನಿಮ್ಮ ಕಂಬಳಿ ನಿಮಗಿಂತ ಮೊದ್ಲು ಊರು ಸುತ್ತುತಾ ಇದೆ!” ಎಂದಳು.

“ಇಡೀ ಬಸ್ಸಿನಲ್ಲಿ ಅಳೋ ಮುಖದೋನು ನೀನೊಬ್ನೇ ನೋಡಪ್ಪ,” ಎಂದು ಗಡಿಬಿಡಿಯ ಬೆನ್ನಿಗೂ ಒಂದು ಕೊಟ್ಟಳು.

ಗಡಿಬಿಡಿ ಗಡಿಯಾರ ನೋಡಿದ. ಮಧ್ಯಾಹ್ನ ಎಂದೋ ಕಳೆದಿತ್ತು.

ಮೆರವಣಿಗೆ ಪುರಭವನ ಮುಟ್ಟಿತು. ಮೆಟ್ಟಿಲ ಮೇಲೆ ಮೇಯರಮ್ಮನ ಹಿಂದೆ ಕಂಬದ ಮರೆಯಲ್ಲಿ ನಿಂತವನನ್ನು ಕಂಡು ಗಡಿಬಿಡಿ ಗಕ್ಕನೆ ಬ್ರೇಕು ಒತ್ತಿದ. ಮುಳ್ಳು ಸಾಹೇಬ! ಜೀವಮಾನದಲ್ಲಿ ಮೊದಲ ಸಲ ರಜೆ ಹಾಕಿ ಬಂದಿದ್ದ. ಪಕ್ಕದಲ್ಲಿ ಡಿಪೋದ ಎದುರಿನ ಬೇಕರಿಯವ. ಇಬ್ಬರೂ ಕೈಕೈ ಹಿಡಿದಿದ್ದರು.

ಗಡಿಬಿಡಿ ಸ್ಟೇರಿಂಗಿನ ಕೆಳಗೆ ಅವಿತುಕೊಂಡ. ಮುಳ್ಳು ಸಾಹೇಬ ಬಾಗಿಲು ತೆಗೆದು, ಅವನನ್ನು ಹೊರಗೆಳೆದು, ಗಟ್ಟಿಯಾಗಿ ತಬ್ಬಿಕೊಂಡು ಅತ್ತುಬಿಟ್ಟ.

“ನಾವಿಬ್ರೂ ಇಷ್ಟು ವರ್ಷದಿಂದ ಒಟ್ಟಿಗಿದೀವಿ ಕಣಯ್ಯ. ಡಿಪೋದಲ್ಲಿ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ಇವತ್ತೂ ಯಾರಾದ್ರೂ ನೋಡಿದ್ರೆ ಓಡಿಹೋಗೋಣ ಅಂತಲೇ ನಿಂತಿದ್ದೆ. ನೋಡಿದ್ರೆ ನೀನು ಡಿಪೋದ ಬಸ್ಸನ್ನೇ ಬಣ್ಣ ಹಾರಿಸ್ಕೊಂಡು ತಂದಿದೀಯ! ನನಗೋಸ್ಕರ!”

ಎದುರಿಗೆ ಅಷ್ಟು ದೊಡ್ಡ ಮನುಷ್ಯ ಹಸುಗೂಸಿನಂತೆ ಅಳುವಾಗ ಟೀ ಚೆಲ್ಲಿದ ಕತೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಗಡಿಬಿಡಿಯ ಕಣ್ಣೂ ಒದ್ದೆಯಾಯಿತು. ಬೇಕರಿಯವ ಬಂದು ಅವನ ಕೈ ಕುಲುಕಿದ. ಬದುಕಿದೆಯಾ ಬಡಜೀವವೇ ಎಂದುಕೊಂಡ ಗಡಿಬಿಡಿ.

ಮುಳ್ಳು ಸಾಹೇಬ ಮೇಯರಮ್ಮನ ಕೈಯಿಂದ ಮೈಕು ಕಿತ್ತುಕೊಂಡ. “ಈ ಬಸ್ಸಿಗೆ ಪೂರಾ ಇದೇ ಬಣ್ಣ ಬಳಿಸ್ತೀನಿ! ಊರೊಳಗೆ ಎಲ್ಲರೂ ಇದನ್ನ ನೋಡಾಯ್ತು. ನೋಡದೇ ಇರೋರು ಕ್ವಾರಿ ಕಡೆಯೋರು. ಅಲ್ಲೂ ನನ್ನಂಥೋರು ಹೆದರ್ಕೊಂಡು ಕೂತಿರ್ತಾರೆ. ನಾಳೆಯಿಂದ ಒಂದು ವರ್ಷ ಈ ಬಸ್ಸು ಕ್ವಾರಿ ರೂಟಲ್ಲೇ ಓಡುತ್ತೆ. ಓಡಿಸೋ ಗೌರವ ಬೇರೆ ಯಾರಿಗೆ ಕೊಡ್ಲಿ?”

ಜನ ಹೋ ಎಂದರು. ಗಡಿಬಿಡಿಯ ಸೊಂಟಕ್ಕೆ ಅಲ್ಲೇ ಚಳುಕು ಹಿಡಿಯಿತು. ಮೈಕಿಗೆ ಬಾಯಿಟ್ಟು ಅಂಗಲಾಚಿದ: “ಸಾರ್, ದೇವರಾಣೆ ಸಾರ್! ಇದರಲ್ಲಿ ನಂದೇನೂ ಇಲ್ಲ. ನಾನು ಬೇಕಂತ ತಂದಿದ್ದಲ್ಲ!”

“ಕೇಳಿದ್ರಾ, ಎಂಥಾ ವಿನಯ!” ಮುಳ್ಳು ಸಾಹೇಬ ಮತ್ತೆ ಕಣ್ಣೊರೆಸಿಕೊಂಡ. “ಇಂಥೋನಿಗೆ ಒಂದು ವರ್ಷ ಸಾಲದು. ಎರಡು ವರ್ಷ!”

ಗಡಿಬಿಡಿ ಬಾಯಿ ಮುಚ್ಚಿಕೊಂಡು ಜನರತ್ತ ಕೈ ಬೀಸಿದ. ಇನ್ನೊಂದು ಮಾತಾಡಿದ್ದರೆ ಮೂರಾಗುತ್ತಿತ್ತು.