ಕಾರ್ಬನ್ ಗಾಳಕ್ಕೆ ಕಟ್ಟಿದ ಬೂದುಗುಂಬಳ

ಕಾರ್ಬನ್ ಫೈಬರ್ ಗಾಳದ ಕೋಲು ಎಷ್ಟು ಬಳಸಿದರೂ ಮೆತ್ತಗಾಗುವುದಿಲ್ಲ ಎಂದು ಲೋಕಕ್ಕೇ ಸಾಬೀತು ಮಾಡಿ ತೋರಿಸುತ್ತೇನೆ! ಹೀಗೆಂದು ನಾನು ಗುಡುಗಿದ್ದು ಯಾವ ವಿಜ್ಞಾನ ಸಮ್ಮೇಳನದಲ್ಲೂ ಅಲ್ಲ. ನಾಯಂಡಹಳ್ಳಿಯ ನಮ್ಮ ಗೋಡೌನಿನಲ್ಲಿ, ಊಟದ ಡಬ್ಬಿಯ ಮುಂದೆ ಕುಳಿತು. ನನ್ನನ್ನು ಕೆರಳಿಸಿದ್ದು ಸಹೋದ್ಯೋಗಿ ಕೊಟ್ರೇಶ್. ಕೂಡ್ಲಿಗಿ ಕಡೆಯವನು, ಲಗ್ಗೆರೆಯಲ್ಲಿ ವಾಸ, ಇವತ್ತಿಗೂ ಬಿದಿರು ಕೋಲಿನಲ್ಲೇ ಮೀನು ಹಿಡಿಯುವ ಆಸಾಮಿ. ನನ್ನ ಹೊಸ ಕೋಲಿನ ಫೋಟೋ ನೋಡಿ ಅವನು ತಣ್ಣಗೆ ಹೇಳಿದ್ದಿಷ್ಟೆ:

"ದಿನಾ ಬಗ್ಗಿಸಿದ್ರ ಯಾವುದಾದ್ರೂ ಮೆತ್ತಗಾಗತೈತ್ರಿ ಸರ. ನಮ್ಮನಿ ನವಾರ ಮಂಚ ಆಗಿಲ್ಲೇನು?"

ನನ್ನ ಕಾರ್ಬನ್ನನ್ನು ನವಾರಿಗೆ ಹೋಲಿಸುವುದೇ? ಕಾರ್ಬನ್ ಇದ್ದರೆ ಇದ್ದ ಹಾಗೇ ಇರುತ್ತದೆ, ಇಲ್ಲವಾದರೆ ಪಟ್ಟನೆ ಮುರಿಯುತ್ತದೆ, ನಡುವೆ ಸೊರಗುವ ಸ್ವಭಾವ ಅದಕ್ಕಿಲ್ಲ ಎಂದು ಅರ್ಧ ಗಂಟೆ ಉಪನ್ಯಾಸ ಬಿಗಿದೆ. ಅವನು ಮಜ್ಜಿಗೆ ಕುಡಿದು ಎದ್ದು ಹೋದ.

ಅದೇ ಉಪನ್ಯಾಸವನ್ನು ವಿಜಯನಗರದ ಮನೆಗೆ ಬಂದು ಹೆಂಡತಿ ಭುವನೇಶ್ವರಿಯ ಮುಂದೆ ಬಿಚ್ಚಿದ್ದು ನನ್ನ ಗ್ರಹಚಾರ. ನಾನು ಪ್ರತಿ ಭಾನುವಾರ ಕೆರೆ ಹುಡುಕಿಕೊಂಡು ಹೋಗುವುದರ ಬಗ್ಗೆ ಅವಳಿಗೆ ಮೊದಲೇ ಉರಿ. ಕೆಂಗೇರಿಯ ತವರಿಗೆ ಜೊತೆಯಲ್ಲಿ ಹೋಗಿ ಎಷ್ಟು ಕಾಲವಾಯಿತೋ ಅವಳಿಗೇ ಮರೆತಿತ್ತು. ಥಟ್ಟನೆ ಪಂಥ ಕಟ್ಟಿದಳು.

"ಸರಿ, ಒಂದು ತಿಂಗಳು ಬಳಸಿ ನೋಡಿ. ಕೋಲು ಹಾಗೇ ಇದ್ರೆ ಭಾನುವಾರ ನಿಮ್ಮದು, ನಾನು ಬಾಯಿ ಬಿಡಲ್ಲ. ಮೆತ್ತಗಾದ್ರೆ ಭಾನುವಾರ ನನ್ನದು."

ಕೈಗೆ ಕೈ ಹೊಡೆದು ಒಪ್ಪಿದೆ. ಜೀವಮಾನದ ಭಾನುವಾರಗಳೆಲ್ಲ ಒಂದು ಕೋಲಿನ ತುದಿಗೆ ಬಂದು ನಿಂತವು.

ಮಾರನೆಯ ಭಾನುವಾರ ಬೆಳಗ್ಗೆಯೇ ಮಹಾಪ್ರಯೋಗ ಆರಂಭ. ಕೋಲಿನ ಹಿಡಿಯನ್ನು ಬಾಲ್ಕನಿಯ ಗ್ರಿಲ್ಲಿಗೆ ತಂತಿಯಲ್ಲಿ ಬಿಗಿದೆ, ತುದಿ ರಸ್ತೆಯ ಮೇಲಕ್ಕೆ ಚಾಚಿಕೊಂಡಿತು. ಇನ್ನು ತುದಿಗೆ ತೂಕ ಕಟ್ಟಬೇಕು. ತಿಂಗಳಾದರೂ ಕೆಡದ, ಬದಲಾಗದ ವಸ್ತು ಬೇಕು. ತಳ್ಳುಗಾಡಿಯಲ್ಲಿ ಮೈಯೆಲ್ಲ ಬೂದಿ ಬಳಿದುಕೊಂಡು ಋಷಿಯಂತೆ ಕುಳಿತಿದ್ದ ಬೂದುಗುಂಬಳಕಾಯಿ ಕಣ್ಣಿಗೆ ಬಿತ್ತು. ತಂದು ಬಲೆ ಚೀಲಕ್ಕೆ ಹಾಕಿ ನೇತುಹಾಕಿದೆ. ಕೋಲು ಬಿಲ್ಲಿನಂತೆ ಬಾಗಿತು. ಕಾಯಿ ಇಳಿದು ಎದುರು ಮನೆಯ ಕಿಟಕಿಯ ತಳಕ್ಕೆ ಸರಿಯಾಗಿ ನಿಂತಿತು. ಅದೇ ನನ್ನ ಗುರುತು! ಫೋಟೋ ತೆಗೆದೆ. ಸಂಜೆಯವರೆಗೂ ನೇತಾಡಲಿ, ಒಂದು ದಿನದಲ್ಲಿ ಇನ್ನಷ್ಟು ಬಾಗುತ್ತದೋ ನೋಡೋಣ ಎಂದು ಕಾಫಿ ಹಿಡಿದು ಕುಳಿತೆ.

ವಿಜ್ಞಾನಿಗಳಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಇರುವುದಿಲ್ಲ. ಅಂದು ಅಮಾವಾಸ್ಯೆ.

ಎದುರು ಮನೆಯ ಅಕ್ಕಯ್ಯಮ್ಮನವರು ಈ ಬೀದಿಯೆಲ್ಲ ತಮ್ಮ ಮಾವನ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿರುವವರು. ದೃಷ್ಟಿಗೆ ಕಟ್ಟುವ ಬೂದುಗುಂಬಳ ಅವರವರ ಮನೆ ಬಾಗಿಲಲ್ಲಿರಬೇಕು, ಅದು ಇಡೀ ಬೆಂಗಳೂರಿಗೆ ಗೊತ್ತು. ಅಮಾವಾಸ್ಯೆಯ ದಿನ ಕಿಟಕಿ ತೆರೆದರೆ ಎದುರು ಮನೆಯ ಕಾಯಿ ತಮ್ಮ ಮೂಗಿನ ನೇರಕ್ಕೆ ತೂಗುತ್ತಿದ್ದರೆ ಅವರು ಏನೆಂದುಕೊಳ್ಳಬೇಕು?

"ಏನಪ್ಪಾ ಸಂಪತ್, ನಿಮ್ಮನೆ ದೃಷ್ಟಿ ಎಲ್ಲಾ ನಮ್ಮನೆಗೆ ಸಾಗಿಸ್ತಾ ಇದೀಯಾ?"

"ಇಲ್ಲಮ್ಮ, ಇದು ಕಾರ್ಬನ್ ಫೈಬರ್" ಎಂದು ಶುರು ಮಾಡಿದೆ. ಧಡಾರನೆ ಕಿಟಕಿ ಮುಚ್ಚಿಕೊಂಡಿತು. ಸಂಜೆಯೊಳಗೆ ಅವರ ಬಾಲ್ಕನಿಯಲ್ಲಿ ನನ್ನದಕ್ಕಿಂತ ದಪ್ಪದ ಕಾಯಿ, ಅದರ ಮೇಲೆ ಹುರಿಮೀಸೆಯ ರಾಕ್ಷಸನ ಮುಖ! ಕೋರೆಹಲ್ಲು ನೇರ ನನ್ನ ಕಾಫಿ ಲೋಟದ ಕಡೆ. ಪಕ್ಕದ ಮನೆಯವರು, ಯಾವುದಕ್ಕೂ ಇರಲಿ ಎಂದು, ತಾವೂ ಒಂದು ಕಟ್ಟಿದರು. ಎರಡೇ ದಿನದಲ್ಲಿ ಬೀದಿಯ ತುಂಬ ರಾಕ್ಷಸರು. ತಳ್ಳುಗಾಡಿಯವನು ಮಾತ್ರ ನನ್ನನ್ನು ಕಂಡಾಗಲೆಲ್ಲ ಕೈಮುಗಿಯತೊಡಗಿದ.

ನಾನು ಇಂಥದ್ದಕ್ಕೆಲ್ಲ ಜಗ್ಗುವವನಲ್ಲ. ಕಾಯಿಯನ್ನು ಮಂಚದ ಕೆಳಗಿಟ್ಟು, ಯಾರೂ ಮುಟ್ಟಕೂಡದೆಂದು ಆಜ್ಞೆ ಹೊರಡಿಸಿ, ಕೋಲಿನ ಮೇಲೆ ಬಿದ್ದೆ. ಬೆಳಗ್ಗೆ ತಾರಸಿಯಲ್ಲಿ ಬೀಸಿದೆ, ಸಂಜೆ ಬಗ್ಗಿಸಿದೆ, ಭಾನುವಾರ ಮಾಗಡಿ ಕಡೆಯ ಕೆರೆಗಳಲ್ಲಿ ದುಡಿಸಿದೆ. ಅಷ್ಟರಲ್ಲಿ ಅಕ್ಕಯ್ಯಮ್ಮನವರ ರಾಕ್ಷಸನೂ ಕೆಳಗಿಳಿದ. ನನ್ನನ್ನು ಕಂಡು ಅವರು ನಗಲೂ ತೊಡಗಿದರು. ನನ್ನ ವೈಜ್ಞಾನಿಕ ವಿವರಣೆ ಸ್ವಲ್ಪ ತಡವಾಗಿ ತಲೆಗೆ ಹೋಗಿರಬೇಕೆಂದು ಹೆಮ್ಮೆಪಟ್ಟೆ.

ತಿಂಗಳು ಮುಗಿದ ಭಾನುವಾರ ಮತ್ತೆ ಕೋಲು ಬಿಗಿದು, ಮಂಚದ ಕೆಳಗಿನ ಚೀಲ ತಂದು ತೂಗುಹಾಕಿದೆ. ಕಾಯಿ ಎದುರು ಕಿಟಕಿಯ ತಳಕ್ಕೆ ಇಳಿಯಲೇ ಇಲ್ಲ, ನಡುಮಧ್ಯದಲ್ಲೇ ನಿಂತುಬಿಟ್ಟಿತು. ಕಣ್ಣುಜ್ಜಿಕೊಂಡು ನೋಡಿದೆ. ಮೆತ್ತಗಾಗುವ ಮಾತು ಹಾಗಿರಲಿ, ಕೋಲು ಗಟ್ಟಿಯಾಗಿದೆ! ಬಳಸಿದಷ್ಟೂ ಬಲಿಯುವ ಕಾರ್ಬನ್! ನನ್ನ ಹೆಸರು ಪಠ್ಯಪುಸ್ತಕದಲ್ಲಿ ಯಾವ ಪಾಠಕ್ಕೆ ಸೇರಬಹುದೆಂದು ಯೋಚಿಸುತ್ತ ಆಫೀಸಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಸೋತವನು ಕಣ್ಣಾರೆ ನೋಡಲಿ ಎಂದು ಕೊಟ್ರೇಶನನ್ನೂ ಕರೆಸಿದೆ. ಕೆರೆಗೆ ಹೊರಟಿದ್ದವನು ಬಿದಿರು ಕೋಲಿನ ಸಮೇತ ಬಂದ. ಬಾಲ್ಕನಿಯಲ್ಲಿ ನಿಂತು ನಾನು ಭಾಷಣ ಎತ್ತಿಕೊಳ್ಳುವಷ್ಟರಲ್ಲಿ ಎದುರು ಕಿಟಕಿ ತೆರೆಯಿತು.

"ಈ ಕಾಯಿ ಬಲು ಸಣ್ಣದು ಕಣಪ್ಪಾ" ಎಂದರು ಅಕ್ಕಯ್ಯಮ್ಮ. "ಮೊದಲನೇದು ಚೆನ್ನಾಗಿತ್ತು. ಮಜ್ಜಿಗೆಹುಳಿ ಏನು ರುಚಿ ಬಂದಿತ್ತು ಅಂತೀಯ."

ನಾನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದೆ. ಅವಳು ಒಂದಿಷ್ಟೂ ಅಳುಕಲಿಲ್ಲ. ಅಕ್ಕಯ್ಯಮ್ಮನವರು ಮಾತು ಬಿಟ್ಟು, ಬೀದಿಯೇ ನಮ್ಮನ್ನು ಮಾಟದವರಂತೆ ನೋಡುತ್ತಿದ್ದಾಗ ತಾನೇ ಆ ಕಾಯಿ ಹೊತ್ತುಕೊಂಡು ಅವರ ಅಡುಗೆಮನೆಗೆ ಹೋದಳಂತೆ. ಅವರೆದುರೇ ಹೆಚ್ಚಿ, ಬೇಯಿಸಿ, ಮೊದಲು ತಾನೇ ತಿಂದು ತೋರಿಸಿದಳಂತೆ.

"ಮಂತ್ರಿಸಿದ ಕಾಯಿ ಆಗಿದ್ರೆ ನಾವೇ ತಿಂತಿದ್ವಾ? ಅವರಿಗೆ ಆಗಲೇ ನಂಬಿಕೆ ಬಂದಿದ್ದು. ಮನೆಗೆ ತಂದಿದ್ದನ್ನ ನೀವೂ ಆವತ್ತು ಎರಡು ಸಲ ಬಡಿಸಿಕೊಂಡ್ರಿ. ಚೀಲ ಖಾಲಿ ಇರಬಾರದು ಅಂತ ಇನ್ನೊಂದು ತಂದಿಟ್ಟೆ."

ಪ್ರಯೋಗದ ಏಕೈಕ ಸಾಕ್ಷಿಯನ್ನು ನಾನೇ ಅನ್ನಕ್ಕೆ ಕಲಸಿ ಉಂಡಿದ್ದೆ! ಹಳೆಯ ಕಾಯಿಯ ತೂಕ ಎಷ್ಟಿತ್ತು ಎಂದು ಕೊಟ್ರೇಶ್ ಕೇಳಿದ. ದಿನವಿಡೀ ಗೋಡೌನಿನಲ್ಲಿ ತೂಕದ ಯಂತ್ರದ ಪಕ್ಕದಲ್ಲೇ ಕೂರುವ ನನಗೆ ಅದನ್ನು ತೂಗಬೇಕೆಂದು ಹೊಳೆದಿರಲೇ ಇಲ್ಲ. ಆದರೂ ಬಿಟ್ಟೇನೆಯೇ? ಎದೆಯುಬ್ಬಿಸಿ, ಇದು ರದ್ದು, ಇವತ್ತಿನಿಂದಲೇ ಹೊಸ ಪ್ರಯೋಗ, ಇನ್ನೊಂದು ತಿಂಗಳು ಕೋಲು ಬಳಸಿ ತೋರಿಸುತ್ತೇನೆ ಎಂದೆ.

"ಖಂಡಿತ ಮಾಡಿ" ಎಂದಳು ಭುವನೇಶ್ವರಿ, ಬಹಳ ಪ್ರೀತಿಯಿಂದ. "ಆದರೆ ಬಳಸದೇ ಇಟ್ರೆ ಎಷ್ಟು ಬಾಗುತ್ತೆ ಅಂತ ಮೊದಲು ಗೊತ್ತಾಗಬೇಕಲ್ವಾ? ಇಲ್ಲದಿದ್ರೆ ಬಳಸಿದ್ದಕ್ಕೇ ಮೆತ್ತಗಾಯ್ತೋ ಇಲ್ವೋ ಹೇಗೆ ಹೇಳ್ತೀರಿ?"

ಬಾಯಿ ತೆರೆದೆ. ದಿಕ್ಕು ತೋಚದೆ ಕೊಟ್ರೇಶನ ಮುಖ ನೋಡಿದೆ.

"ಅಕ್ಕಾರು ಹೇಳೋದು ಬರೋಬ್ಬರಿ ಐತ್ರಿ ಸರ" ಎಂದು ಅವನು ತನ್ನ ಬಿದಿರು ಕೋಲು ಹೆಗಲಿಗೇರಿಸಿಕೊಂಡು ಕೆರೆಗೆ ಹೊರಟ.

ಭುವನೇಶ್ವರಿ ಆಗಲೇ ಕೆಂಗೇರಿಗೆ ಹೊರಡಲು ಸೀರೆ ಬದಲಿಸಿ ಬಂದಿದ್ದಳು. "ಎಷ್ಟು ದಿನ ಬಳಸದೇ ಇಡಬೇಕು?" ಎಂದು ಕ್ಷೀಣ ದನಿಯಲ್ಲಿ ಕೇಳಿದೆ.

"ಆತುರ ಏನ್ರೀ? ಕಾರ್ಬನ್ ಅಲ್ವಾ, ಹಾಳಾಗಲ್ಲ" ಎಂದು ನನ್ನ ಕೈಗೆ ಮೆಟ್ರೋ ಕಾರ್ಡ್ ಕೊಟ್ಟಳು.