ಬ್ರಾಕೆಟ್ಟು ತಪ್ಪಿ ಬಂದ ವರ

ಉದ್ದವಾದದ್ದೆಲ್ಲ ಘನವಾದದ್ದು ಎಂಬ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇತ್ತು. ಉದ್ದ ಹೆಸರಿನವರನ್ನು ಕಂಡರೆ ಗೌರವ, ಉದ್ದ ಭಾಷಣ ಮಾಡುವವರನ್ನು ಕಂಡರೆ ಭಯಭಕ್ತಿ. ಮದುವೆ ಮನೆಯಲ್ಲಿ ಮಂತ್ರ ಬೇಗ ಮುಗಿದರೆ ಪುರೋಹಿತರು ನಡುವೆ ಏನನ್ನೋ ನುಂಗಿಹಾಕಿದರು ಎಂದು ಅನುಮಾನಪಡುವ ಪೈಕಿ ನಾನು. ಇಂಥವನ ಕೈಗೆ ಸ್ಪ್ರೆಡ್‌ಶೀಟು ಸಿಕ್ಕಿದ್ದು, ಅದರ ಒಂದೇ ಒಂದು ಚೌಕದಲ್ಲಿ ಮಾರುದ್ದದ ಫಾರ್ಮುಲಾ ಬರೆಯಬಹುದೆಂದು ತಿಳಿದದ್ದು ನಮ್ಮ ಶಂಕರಪುರದ ಹೆಣ್ಣು ಹೆತ್ತವರ ಗ್ರಹಚಾರ ಎನ್ನಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಕಚೇರಿಯವರು ನನಗೆ ಕಂಪ್ಯೂಟರ್ ತರಬೇತಿ ಕೊಡಿಸಿದ್ದರು. ಅಂದಿನಿಂದ ನಾನು ತರಕಾರಿ ಅಂಗಡಿಯಲ್ಲೂ ‘ಸೆಲ್’, ‘ಕಾಲಂ’ ಎಂದೇ ಮಾತಾಡುತ್ತಿದ್ದೆ. ಅದನ್ನು ಕೇಳಿಸಿಕೊಂಡವರು ಅನಂತರಾಯರು. ನಿವೃತ್ತ ಮೇಷ್ಟ್ರು, ನಮ್ಮ ಬೀದಿಯ ಸಂಘದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ವಧೂವರರ ಕೇಂದ್ರಕ್ಕೆ ಕಾರ್ಯದರ್ಶಿ. ಹೆಣ್ಣು ಗಂಡುಗಳ ವಿವರ ಓದಿ, ಯಾರಿಗೆ ಯಾರು ಹೊಂದುತ್ತಾರೆಂದು ನೋಡೀ ನೋಡೀ ಅವರ ಕನ್ನಡಕದ ಗಾಜು ದಪ್ಪವಾಗುತ್ತಲೇ ಇತ್ತು. ಈ ಕೆಲಸ ನಿಮ್ಮ ಯಂತ್ರ ಮಾಡುತ್ತದೆಯೇ ಎಂದು ಕೇಳಿದರು. ಒಂದೇ ಒಂದು ಫಾರ್ಮುಲಾ ಸಾಕು ಎಂದೆ. ಆ ‘ಒಂದೇ ಒಂದು’ ಎಂಬ ಮಾತೇ ನನ್ನನ್ನು ಕೆಡಿಸಿತು.

ಮೊದಮೊದಲು ಅದು ಪಾಪ, ಸಣ್ಣದಾಗಿಯೇ ಇತ್ತು. ಇಬ್ಬರದೂ ಒಂದೇ ಗೋತ್ರವಾದರೆ ‘ಬೇಡ’, ಅಲ್ಲವಾದರೆ ‘ಆಗಬಹುದು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುತ್ತಿತ್ತು. ಆಮೇಲೆ ನಕ್ಷತ್ರ ಬಂತು, ವಯಸ್ಸು ಬಂತು, ಎತ್ತರ ಬಂತು. ಪ್ರತಿ ಭಾನುವಾರ ಒಬ್ಬರಲ್ಲ ಒಬ್ಬರು ಹೊಸ ಷರತ್ತು ಹಿಡಿದು ಬರುತ್ತಿದ್ದರು. ಮಲ್ಲೇಶ್ವರದವರೊಬ್ಬರು ಮೆಜೆಸ್ಟಿಕ್ ದಾಟಿಸಿ ಮಗಳನ್ನು ಕೊಡುವುದಿಲ್ಲ ಎಂದರು. ಇನ್ನೊಬ್ಬರು ಅಳಿಯ ಹಾಡಬಾರದು ಎಂದರು. ಅವರ ಮನೆಯಲ್ಲಿ ಆಗಲೇ ಒಬ್ಬ ಹಾಡುವ ಅಳಿಯನಿದ್ದ. ನಾನು ಎಲ್ಲವನ್ನೂ ಅದೇ ಫಾರ್ಮುಲಾದೊಳಗೆ ತುರುಕಿದೆ. ‘ಹೀಗಿದ್ದರೆ ಹಾಗೆ’ ಎನ್ನುವ ಒಂದು ‘ಇಫ್’ನ ಹೊಟ್ಟೆಯಲ್ಲಿ ಇನ್ನೊಂದು ‘ಇಫ್’, ಅದರ ಹೊಟ್ಟೆಯಲ್ಲಿ ಮತ್ತೊಂದು. ಕೊನೆಗೆ ಅದರ ಮೇಲೆ ಕ್ಲಿಕ್ ಮಾಡಿದರೆ ಫಾರ್ಮುಲಾ ಪರದೆಯ ಮೇಲಿನಿಂದ ಕೆಳಕ್ಕೆ ಇಳಿದು, ವಧುಗಳ ಹೆಸರನ್ನೆಲ್ಲ ಮುಚ್ಚಿಬಿಡುತ್ತಿತ್ತು. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ರೋಮಾಂಚನ. ಅನಂತರಾಯರು ದೂರದಿಂದಲೇ ಕೈಮುಗಿಯುತ್ತಿದ್ದರು.

ಒಂದು ಭಾನುವಾರ ಗುರುಪ್ರಸಾದ ಎಂಬಾತನ ವಿವರ ಬಂತು. ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ. ನಲವತ್ತು ದಾಟಿದೆ, ತಲೆ ಬೆಳ್ಳಗಾಗಿದೆ, ಎತ್ತರ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅವನ ತಾಯಿ ಗೋತ್ರದ ಜಾಗವನ್ನು ಖಾಲಿ ಬಿಟ್ಟು, ದೊಡ್ಡ ಭಾವನವರನ್ನು ಕೇಳಿ ಹೇಳುತ್ತೇನೆ ಎಂದಿದ್ದರು. ನಾನು ಟೈಪು ಮಾಡಿ ಗುಂಡಿ ಒತ್ತಿದೆ. ಪಟ್ಟಿಯಲ್ಲಿದ್ದ ಅಷ್ಟೂ ಹುಡುಗಿಯರ ಎದುರಿಗೆ ‘ಆಗಬಹುದು’ ಎಂದು ಬಂತು. ಇಂಥ ಸರ್ವಾನುಮತದ ವರ ಕೇಂದ್ರದ ಚರಿತ್ರೆಯಲ್ಲೇ ಬಂದಿರಲಿಲ್ಲ. ಅನಂತರಾಯರ ಕಣ್ಣು ತುಂಬಿತು. ಎಲ್ಲರ ಮನೆಗೂ ಅವನ ವಿಳಾಸ ಹೋಯಿತು.

ಗಂಡಿನ ಮನೆಗೆ ತಾವಾಗಿ ನುಗ್ಗಿದರೆ ಗೌರವ ಉಳಿಯುತ್ತದೆಯೇ? ಆದ್ದರಿಂದ ಕನ್ಯಾಪಿತೃಗಳು ಒಬ್ಬೊಬ್ಬರೇ ಉಪಾಯ ಹೂಡಿದರು. ಮನೆಯ ಅಟ್ಟದಲ್ಲಿದ್ದ ಹಾರ್ಮೋನಿಯಂ ಇಳಿಸಿ ಆಟೋದಲ್ಲಿಟ್ಟುಕೊಂಡು ಬಳೇಪೇಟೆಗೆ ಹೊರಟರು. ಇಲ್ಲದವರು ಎರವಲು ತಂದರು. ಬಸವನಗುಡಿಯಲ್ಲಿ ಭಜನೆಗೆ ಶ್ರುತಿ ಹಿಡಿಯಲು ಒಂದು ಪೆಟ್ಟಿಗೆಯೂ ಉಳಿಯಲಿಲ್ಲ. ಎಲ್ಲ ಬಳೇಪೇಟೆಯ ಆ ಗೂಡಿನಂಥ ಅಂಗಡಿಯ ಮುಂದೆ ಸಾಲುಗಟ್ಟಿ ಕೂತಿದ್ದವು. ಕೈಗಾಡಿಯವರಿಗೆ ದಾರಿಯಿಲ್ಲ. ಗುರುಪ್ರಸಾದ ಪೆಟ್ಟಿಗೆ ಬಿಚ್ಚಿ ನೋಡಿ, ಇದಕ್ಕೇನೂ ಆಗಿಲ್ಲವಲ್ಲ ಎಂದರೆ, ಎದುರಿಗಿದ್ದವರು ಅದನ್ನು ಬಿಟ್ಟು, ನಿಮಗೆ ಅಡುಗೆ ಬರುತ್ತದೆಯೇ, ಮುಂಗೋಪ ಉಂಟೇ ಎಂದು ವಿಚಾರಿಸುತ್ತಿದ್ದರಂತೆ.

ಅಂಗಡಿಯ ಮುಂದೆ ಕನ್ಯಾಪಿತೃಗಳು ಒಬ್ಬರನ್ನೊಬ್ಬರು ಕಂಡುಕೊಂಡ ದಿನ ಸ್ಫೋಟವಾಯಿತು. ಒಬ್ಬನೇ ವರನನ್ನು ಊರಿಗೆಲ್ಲ ಹಂಚಿದ್ದೀರಾ ಎಂದು ಎಲ್ಲರೂ ಅನಂತರಾಯರ ಮೇಲೆ ಏರಿ ಹೋದರು. ರಾಯರು ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಮುಟ್ಟದೆ ಹೇಳಿದರು: “ಮೂರ್ತಿಗಳೇ, ಬರೋ ಭಾನುವಾರದೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ನಾನು ಕೇಂದ್ರಕ್ಕೆ ಬೀಗ ಹಾಕ್ತೀನಿ.”

ಫಾರ್ಮುಲಾವನ್ನು ಓದಲು ಕೂತೆ. ಬರೆದವನು ನಾನೇ, ಆದರೆ ಒಂದಕ್ಷರ ಅರ್ಥವಾಗಲಿಲ್ಲ. ಒಂದೊಂದು ‘ಇಫ್’ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತೋರಿಸುವ ಬ್ರಾಕೆಟ್ಟುಗಳಲ್ಲೇ ಏನೋ ಆಗಿದೆ ಎನಿಸಿತು. ಇಡೀ ಫಾರ್ಮುಲಾವನ್ನು ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆದು, ಹಾಳೆಗಳನ್ನು ಅಂಟಿಸಿ ನಡುಮನೆಯಲ್ಲಿ ಹಾಸಿದೆ. ತೆರೆಯುವ ಬ್ರಾಕೆಟ್ಟಿನ ಮೇಲೆಲ್ಲ ಒಂದೊಂದು ಹುಣಸೆ ಬೀಜ, ಮುಚ್ಚುವ ಬ್ರಾಕೆಟ್ಟಿನ ಮೇಲೆಲ್ಲ ಒಂದೊಂದು ಹುರಿದ ಕಡಲೆಕಾಯಿ ಬೀಜ ಇಟ್ಟೆ. ಎಣಿಸಿದರೆ ಮುಚ್ಚುವವು ಕಡಿಮೆ! ಸಿಕ್ಕಿತು ತಪ್ಪು ಎಂದು ಕೂಗಿದೆ. ಮತ್ತೆ ಎಣಿಸಿದರೆ ಇನ್ನೂ ಕಡಿಮೆ. ನನ್ನ ಹೆಂಡತಿ ಜಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು, “ರೀ, ಯೋಚನೆ ಮಾಡ್ತಾ ಮಾಡ್ತಾ ನೀವು ಅವನ್ನ ತಿಂತಾ ಇದೀರಿ” ಎಂದಳು.

ಜಯಶ್ರೀ ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಪೆನ್ಸಿಲು ತಂದು ಹಾಳೆಯ ಪಕ್ಕ ಕೂತಳು. ಇದನ್ನು ಎಲ್ಲಿ ನಿಲ್ಲಿಸಿ ಓದಬೇಕು ಎಂದು ಕೇಳಿದಳು. ಎಲ್ಲೂ ನಿಲ್ಲಿಸಬೇಕಾಗಿಲ್ಲ, ಯಂತ್ರ ಒಂದೇ ಉಸಿರಿಗೆ ಓದುತ್ತದೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಯಂತ್ರ ಓದಲಿ, ತಪ್ಪಾದಾಗ ಓದಬೇಕಾದವರು ಮನುಷ್ಯರಲ್ಲವೇ ಎಂದು ಅವಳು, ಮಕ್ಕಳಿಗೆ ಹಳಗನ್ನಡ ಪದ್ಯ ಬಿಡಿಸಿಕೊಡುವ ಹಾಗೆ, ಷರತ್ತು ಷರತ್ತಿಗೂ ಒಂದು ಗೀಟು ಹಾಕುತ್ತ ಹೋದಳು. ಆಲ್ಟ್ ಹಿಡಿದು ಎಂಟರ್ ಒತ್ತಿದರೆ ಫಾರ್ಮುಲಾದ ಒಳಗೇ ಸಾಲು ಮುರಿಯುತ್ತದೆಂದು ತರಬೇತಿಯಲ್ಲಿ ಹೇಳಿದ್ದರು. ಅವಳು ಗೀಟು ಹಾಕಿದಲ್ಲೆಲ್ಲ ಹಾಗೆ ಮುರಿದೆ. ಐದನೇ ಸಾಲಿಗೆ ಬರುವ ಮೊದಲೇ ಕಳ್ಳ ಸಿಕ್ಕಿಬಿದ್ದ. ಗೋತ್ರ ಬರೆದಿಲ್ಲದಿದ್ದರೆ ಆ ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗು ಎಂದು ನಾನು ಹೇಳಹೊರಟಿದ್ದೆ. ಒಂದು ಬ್ರಾಕೆಟ್ಟು ಜಾಗ ತಪ್ಪಿ ಕೂತು, ಎಲ್ಲ ಪ್ರಶ್ನೆಗಳನ್ನೂ ಬಿಟ್ಟು ‘ಆಗಬಹುದು’ ಎನ್ನು ಎಂದಾಗಿತ್ತು.

ಇಷ್ಟಕ್ಕೆ ಬಿಡದೆ ಜಯಶ್ರೀ ಇನ್ನೊಂದು ಮಾತು ಹೇಳಿದಳು. ಒಂದೊಂದು ಷರತ್ತಿಗೂ ಒಂದೊಂದು ಕಾಲಂ ಕೊಟ್ಟು, ತಲೆಯ ಮೇಲೆ ಹೆಸರು ಬರೆದರೆ ಯಾರು ಬೇಕಾದರೂ ನೋಡಬಹುದಲ್ಲ ಎಂದು. ಮಾರುದ್ದದ ಫಾರ್ಮುಲಾವನ್ನು ಕತ್ತರಿಸಲು ನನಗೆ ಮನಸ್ಸೇ ಬರಲಿಲ್ಲ. ಆದರೂ ಕತ್ತರಿಸಿದೆ. ಗೋತ್ರ, ನಕ್ಷತ್ರ, ವಯಸ್ಸು, ಎತ್ತರ, ಊರು, ಹಾಡು ಎಂದು ಬೇರೆ ಬೇರೆ ಕಾಲಂ. ಎಲ್ಲದರಲ್ಲೂ ಸರಿಯಿದೆಯೇ ಎಂದು ಕೇಳುವ ಪುಟ್ಟ ಕಾಲಂ ಕೊನೆಗೆ. ಈಗ ಗುರುಪ್ರಸಾದನಿಗೆ ಒಬ್ಬ ಹುಡುಗಿಯೂ ಹೊಂದಲಿಲ್ಲ. ಸಾಲದ್ದಕ್ಕೆ ಅವನು ಕೆಲಸ ಮಾಡುತ್ತ ಹಾಡುತ್ತಾನೆಂದು ಅಷ್ಟು ಜನ ಮಾವಂದಿರು ವರದಿ ಕೊಟ್ಟಿದ್ದರು.

ಇದನ್ನು ಅವನಿಗೆ ಹೇಳುವವರು ಯಾರು? ನಾನೂ ರಾಯರೂ ಬಳೇಪೇಟೆಗೆ ಹೋದೆವು. ಕಂಪ್ಯೂಟರಿನಲ್ಲಿ ಸಣ್ಣ ತಪ್ಪಾಗಿ ಎಲ್ಲರಿಗೂ ನಿಮ್ಮ ವಿಳಾಸ ಹೋಯಿತೆಂದು ರಾಯರು ತಡವರಿಸಿ ಹೇಳಿದರು. ಗುರುಪ್ರಸಾದ ಸ್ಕ್ರೂಡ್ರೈವರು ಕೆಳಗಿಟ್ಟ. ಆಮೇಲೆ ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸಿನ ಕಡೆ ನೋಡಿದ. ಆಕೆ ಸುಮತಿ, ನಮ್ಮ ಪಟ್ಟಿಯಲ್ಲಿದ್ದ ಸಂಗೀತದ ಟೀಚರು, ಅವನಿಗಿಂತ ಗೇಣುದ್ದ ಎತ್ತರ. ಆಕೆಯ ತೊಡೆಯ ಮೇಲೂ ಒಂದು ಹಾರ್ಮೋನಿಯಂ ಇತ್ತು.

“ನನ್ನ ಪೆಟ್ಟಿಗೆ ಸರಿಯಾಗೇ ಇದೆ ಅಂತ ಇವರು ಮೊದಲನೇ ದಿನಾನೇ ಹೇಳಿದ್ರು ಸಾರ್,” ಎಂದಳು ಆಕೆ. “ಆಮೇಲೂ ನಾನು ತರ್ತಾನೇ ಇದೀನಿ.”

ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಒಂದು ಬಿಕ್ಕಟ್ಟು ಎದುರಾಯಿತು. ಸುಮತಿಯ ತಂದೆ, ಕೇಂದ್ರದವರು ‘ಆಗಬಹುದು’ ಎಂದು ಬರೆದುಕೊಟ್ಟರಷ್ಟೇ ಒಪ್ಪಿಗೆ ಎಂದರು. ನಮ್ಮ ಹೊಸ ಹಾಳೆಯಲ್ಲಿ ಇವರಿಬ್ಬರ ಎದುರಿಗೆ ಕಾಲಂ ಕಾಲಮ್ಮಿಗೂ ‘ಬೇಡ’ಗಳು, ಅದೂ ಎಂಥವರಿಗೂ ಕಾಣುವ ಹಾಗೆ. ಕೊನೆಗೆ ನಾನು ‘ಇಬ್ಬರಿಗೂ ಒಪ್ಪಿಗೆ’ ಎಂಬ ಹೊಸ ಕಾಲಂ ಹಾಕಿ, ಅದರಲ್ಲಿ ‘ಹೌದು’ ಎಂದಿದ್ದರೆ ಉಳಿದವನ್ನು ನೋಡಬೇಡ ಎಂದು ಬರೆದೆ. ಮದುವೆ ಆಯಿತು. ನಾದಸ್ವರದವರ ಶ್ರುತಿಪೆಟ್ಟಿಗೆ ಕೈಕೊಟ್ಟಾಗ ವರನೇ ಹಸೆಮಣೆಯಿಂದೆದ್ದು ಹೋಗಿ ರಿಪೇರಿ ಮಾಡಿ ಬಂದ.

ಮದುವೆ ಊಟ ಮುಗಿಸಿ ಬಂದ ಸಂಜೆ ಜಯಶ್ರೀ, ನಮ್ಮಿಬ್ಬರನ್ನೂ ಅದರಲ್ಲಿ ಹಾಕಿ ನೋಡಿ ಎಂದಳು. ಉತ್ಸಾಹದಿಂದ ಹಾಕಿದೆ. ನಕ್ಷತ್ರದಲ್ಲಿ ಬೇಡ, ಎತ್ತರದಲ್ಲಿ ಬೇಡ, ಊರಿನಲ್ಲೂ ಬೇಡ. ಆದರೇನು, ಹೊಸ ಕಾಲಮ್ಮಿನಲ್ಲಿ ‘ಹೌದು’ ಇದೆಯಲ್ಲ ಎಂದು ತೋರಿಸಿದೆ. ಅದನ್ನು ತುಂಬುವ ಮೊದಲು ತನ್ನನ್ನು ಕೇಳಿದಿರಾ ಎಂದಳು. ಕೇಳಿರಲಿಲ್ಲ. ಅವಳು ಒಗ್ಗರಣೆಗೆಂದು ಒಳಗೆ ಹೋದಾಗ ನಾನು ಮೆಲ್ಲಗೆ, ‘ಆಗಬಹುದು’ ಎನ್ನುವ ಕೊನೆಯದೊಂದನ್ನು ಬಿಟ್ಟು ಉಳಿದ ಕಾಲಂಗಳನ್ನೆಲ್ಲ ಮರೆಮಾಡಿದೆ. ಹೊರಗೆ ಬಂದವಳು ಪರದೆಯನ್ನು ನೋಡಿ, “ಅವೆಲ್ಲ ಎಲ್ಲಿ ಹೋದ್ವು?” ಎಂದು ಕೇಳಿದಳು.

“ಓದೋಕೆ ಸುಲಭ ಆಗ್ಲಿ ಅಂತ ಮಾಡ್ದೆ ಕಣೇ,” ಎಂದೆ.